ಗೊಂಬೆಯ ಎದೆ ಒತ್ತಿಸಿ ಬರೆದ ಥೀಸಿಸ್

ಎಂಡಿ ಅನಸ್ತೇಶಿಯಾಕ್ಕೆ, ಅಂದರೆ ಅರಿವಳಿಕೆ ತಜ್ಞರಾಗುವ ಓದಿಗೆ, ಸೇರಿದ ಮೊದಲ ವರ್ಷದಲ್ಲೇ ಥೀಸಿಸ್ ವಿಷಯ ಆರಿಸಿ ಸಿನಾಪ್ಸಿಸ್ ಕೊಡಬೇಕು. ನಮ್ಮಲ್ಲಿ ಹೆಚ್ಚಿನವರು ಆರಿಸೋದು ಎರಡು ಔಷಧಿಗಳ ಹೋಲಿಕೆ. ಸ್ಪೈನಲ್, ಅಂದರೆ ಸೊಂಟದ ಕೆಳಗೆ ಮರಗಟ್ಟಿಸೋಕೆ ಬೆನ್ನಿಗೆ ಕೊಡುವ ಇಂಜೆಕ್ಷನ್, ಕೊಡುವಾಗ ಮರಗಟ್ಟಿಸುವ ಬುಪಿವಕೇನ್ ಜೊತೆ ನೋವು ನಿವಾರಕ ಫೆಂಟನಿಲ್ ಸೇರಿಸಿದರೆ ಎಷ್ಟು ಹೊತ್ತು ನೋವಿರಲ್ಲ, ಬೇರೆಯದು ಸೇರಿಸಿದರೆ ಎಷ್ಟು ಹೊತ್ತು, ಇಂಥವು. ತಪ್ಪೇನಿಲ್ಲ. ದಿನಾ ಕೇಸ್ ಸಿಗುತ್ತವೆ, ಎರಡು ಗುಂಪು ಮಾಡೋದು ಸುಲಭ, ಲೆಕ್ಕವೂ ಸಲೀಸು. ಲೈಬ್ರರಿಯ ಕಪಾಟಿನಲ್ಲಿ ಅಂಥ ಥೀಸಿಸ್‌ಗಳು ಸಾಲಾಗಿ ಕೂತಿವೆ, ಬೆನ್ನಿನ ಮೇಲೆ ವರ್ಷ ಮಾತ್ರ ಬೇರೆ.

ನನಗೆ ಆಪರೇಷನ್ ಥಿಯೇಟರ್ (ಓಟಿ) ಒಳಗೆ ಆಗುವ ಕಾರ್ಡಿಯಾಕ್ ಅರೆಸ್ಟ್ ಬಗ್ಗೆ ಮಾಡಬೇಕಿತ್ತು. ಗೈಡ್ ಹತ್ತಿರ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಕೇಸ್ ಎಲ್ಲಿಂದ ತರ್ತೀಯಮ್ಮ? ನಿನ್ನ ಥೀಸಿಸ್ ತುಂಬಲಿ ಅಂತ ಪೇಷೆಂಟ್ ಹಾರ್ಟ್ ನಿಲ್ಲಬೇಕಾ?" ಅಂದರು.

ಅವರ ಪ್ರಶ್ನೆ ಸರಿಯಾಗೇ ಇತ್ತು. ಬ್ರಿಟನ್ನಿನಲ್ಲಿ ಅರಿವಳಿಕೆ ತಜ್ಞರ ರಾಯಲ್ ಕಾಲೇಜು ಇಡೀ ದೇಶದ ಸರ್ಕಾರಿ ಆಸ್ಪತ್ರೆಗಳಿಂದ ಒಂದು ವರ್ಷ ಕೇಸ್ ಕಲೆಹಾಕಿ 2023ರಲ್ಲಿ ಒಂದು ದೊಡ್ಡ ವರದಿ ಹೊರತಂದಿತು. ನ್ಯಾಪ್ 7 ಅಂತ ಅದರ ಹೆಸರು. ಅಷ್ಟೂ ಆಸ್ಪತ್ರೆಗಳಿಂದ ಸಿಕ್ಕಿದ್ದು 881 ಅರೆಸ್ಟ್. ಅಂದರೆ ಸುಮಾರು 3000 ಅರಿವಳಿಕೆಗೆ ಒಂದು. ಅಂಥಾದ್ದರಲ್ಲಿ ಒಂದೇ ಕಾಲೇಜಿನಲ್ಲಿ ಕೂತು ಒಬ್ಬ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ) ಎಷ್ಟು ಕೇಸ್ ಹಿಡಿಯೋಕಾಗುತ್ತೆ? ಹಾಗೆ ಸಿಗದೇ ಇರಲಿ ಅಂತಲೇ ಅಲ್ವಾ ನಾವು ಬೆಳಿಗ್ಗೆ ಮಷೀನ್ ಚೆಕ್ ಮಾಡೋದು.

ಹಾಗಾದರೆ ಹಳೇ ಕೇಸ್ ಶೀಟ್ ನೋಡೋಣ ಅಂತ ರೆಕಾರ್ಡ್ ರೂಮಿಗೆ ಇಳಿದೆ. ನಮ್ಮ ಆಸ್ಪತ್ರೆಯ ಹೆಸರು ಹೇಳಲ್ಲ, ಉತ್ತರ ಕರ್ನಾಟಕದ ಕಡೆ ಅಂದುಕೊಳ್ಳಿ ಸಾಕು. ರೆಕಾರ್ಡ್ ರೂಮ್ ಎಲ್ಲಾ ಕಡೆ ಇರುವ ಹಾಗೇ ಇದೆ. ಕೆಂಪು ದಾರದಲ್ಲಿ ಕಟ್ಟಿದ ಗಂಟುಗಳು, ಧೂಳು, ಬಾಗಿಲ ಹತ್ತಿರ ಟೇಬಲ್ ಫ್ಯಾನ್ ಮುಂದೆ ಕೂತ ಕ್ಲರ್ಕ್. "ಟೇಬಲ್ ಡೆತ್ ಫೈಲ್ ಬೇಕು", ಅಂದರೆ ಆಪರೇಷನ್ ಟೇಬಲ್ ಮೇಲೇ ಸತ್ತವರದು, ಅಂದ ತಕ್ಷಣ ಅವರು ಫ್ಯಾನ್ ಆಫ್ ಮಾಡಿ ನನ್ನ ಮುಖ ನೋಡಿದರು. "ಯಾಕ್ರೀ ಮೇಡಂ, ಏನರ ಕೇಸ್ ಆಗೇದೇನ್ರಿ?"

ಅರೆಸ್ಟ್ ಬಗ್ಗೆ ಬರೆಯೋಕೆ ಒಂದು ಅಂತರರಾಷ್ಟ್ರೀಯ ನಮೂನೆ ಇದೆ. ಉಟ್‌ಸ್ಟೈನ್ ಅಂತಾರೆ. ನಾರ್ವೆಯ ಒಂದು ಹಳೇ ಕ್ರೈಸ್ತ ಮಠದ ಹೆಸರು ಅದು, 1990ರಲ್ಲಿ ಅಲ್ಲಿ ತಜ್ಞರು ಸೇರಿದ್ದರಿಂದ ನಮೂನೆಗೂ ಅದೇ ಹೆಸರು ಉಳಿಯಿತು. ಅದು ಕೇಳೋದು ಹೆಚ್ಚಾಗಿ ಟೈಮ್. ಹೃದಯ ನಿಂತದ್ದು ಎಷ್ಟೊತ್ತಿಗೆ, ಎದೆ ಒತ್ತೋಕೆ ಶುರು ಮಾಡಿದ್ದು ಎಷ್ಟೊತ್ತಿಗೆ, ಮೊದಲ ಶಾಕ್ ಯಾವಾಗ, ಮೊದಲ ಅಡ್ರಿನಲಿನ್ ಇಂಜೆಕ್ಷನ್ ಯಾವಾಗ, ನಾಡಿ ವಾಪಸ್ ಬಂದದ್ದು ಯಾವಾಗ. ನಾನು ಆ ನಮೂನೆಯನ್ನು ಪಕ್ಕದಲ್ಲಿಟ್ಟುಕೊಂಡು ಕೇಸ್ ಶೀಟ್ ತೆರೆದೆ.

10.05ಕ್ಕೆ ಅರೆಸ್ಟ್. 10.05ಕ್ಕೆ ಸಿಪಿಆರ್, ಅಂದರೆ ಎದೆ ಒತ್ತೋದು, ಶುರು. 10.05ಕ್ಕೆ ಅಡ್ರಿನಲಿನ್. ಆಮೇಲೆ 10.10, 10.15, 10.20. ಇನ್ನೊಂದು ಫೈಲ್‌ನಲ್ಲೂ ಅಷ್ಟೇ. ಮತ್ತೊಂದರಲ್ಲಿ ಮೂರು ಮೂರು ನಿಮಿಷಕ್ಕೆ ಸರಿಯಾಗಿ ಅಡ್ರಿನಲಿನ್, ಪಠ್ಯಪುಸ್ತಕದಲ್ಲಿ ಇರುವ ಹಾಗೆ, ಒಂದೇ ಪೆನ್ನಿನಲ್ಲಿ, ಒಂದೇ ಅಕ್ಷರದಲ್ಲಿ, ಒಂದೂ ಕಾಟು ಇಲ್ಲದೆ. ಎದೆ ಒತ್ತುತ್ತಾ, ಸಿರಿಂಜ್ ತುಂಬುತ್ತಾ, ರಕ್ತಕ್ಕೆ ಓಡಾಡುತ್ತಾ ಯಾರೂ ಅಷ್ಟು ಚೆಂದ ಬರೆಯಲ್ಲ.

ಇದನ್ನ ಸುಳ್ಳು ಅಂತ ನಾನು ಕರೆಯಲ್ಲ. ಆ ಹೊತ್ತಲ್ಲಿ ಇರುವ ಕೈಗಳೆಲ್ಲ ಕೆಲಸದಲ್ಲಿರುತ್ತವೆ, ಬರೆಯೋಕೆ ಅಂತ ಯಾರೂ ಇರಲ್ಲ. ಎಲ್ಲಾ ಮುಗಿದ ಮೇಲೆ ಡ್ಯೂಟಿ ಪಿಜಿ ಕೂತು ನೆನಪಿನಿಂದ ಬರೀತಾರೆ. ಹೊರಗೆ ಸಂಬಂಧಿಕರು ಗುಂಪುಗೂಡಿರುತ್ತಾರೆ, ಒಳಗೆ ಹಿರಿಯರು "ಮೊದಲು ಪೇಪರ್ ಸರಿ ಮಾಡು" ಅಂತಿರುತ್ತಾರೆ. ಡಾಕ್ಟರ್, ನರ್ಸ್‌ಗಳ ಮೇಲೆ ಹಲ್ಲೆ ತಡೆಯೋಕೆ ಕರ್ನಾಟಕದಲ್ಲಿ 2009ರಲ್ಲೇ ಕಾನೂನು ಬಂದಿದೆ. ಆದರೆ ರಾತ್ರಿ ಓಟಿ ಬಾಗಿಲನ್ನ ಯಾರೋ ಬಡಿಯುತ್ತಿರುವಾಗ ಆ ಕಾನೂನಿನ ಧೈರ್ಯದ ಮೇಲೆ ಯಾರೂ "ಮೊದಲ ಎರಡು ನಿಮಿಷ ನಾವು ಮಾನಿಟರ್ ಸರಿ ಇದೆಯಾ ಅಂತ ನೋಡ್ತಾ ಇದ್ವಿ" ಅಂತ ಬರೆಯಲ್ಲ. ನ್ಯಾಪ್ 7ಕ್ಕೆ ಆ ವಿವರಗಳು ಸಿಕ್ಕಿದ್ದು ಯಾಕೆ ಅಂದರೆ ಅಲ್ಲಿ ವರದಿ ಕಳಿಸುವಾಗ ರೋಗಿ, ಡಾಕ್ಟರ್, ಆಸ್ಪತ್ರೆ ಯಾವ ಗುರುತೂ ಇರಲಿಲ್ಲ.

ನನ್ನ ಹಾಳೆ ತುಂಬ ಖಾಲಿ ಚೌಕಗಳು. ಗೈಡ್ ನೋಡಿದರು. "ನಿಜವಾದ ಅರೆಸ್ಟ್‌ನಲ್ಲಿ ಟೈಮ್ ಸಿಗಲ್ಲ. ಸುಳ್ಳು ಅರೆಸ್ಟ್ ಮಾಡು, ಅದರಲ್ಲಿ ಸಿಗುತ್ತೆ" ಅಂದರು. ಹೀಗೆ ವಿಷಯ ಬದಲಾಯಿತು. ಓಟಿಯೊಳಗೇ, ನಮ್ಮದೇ ಟೇಬಲ್ ಮೇಲೆ, ನಮ್ಮದೇ ಡ್ಯೂಟಿ ತಂಡದ ಜೊತೆ, ಮೊದಲೇ ಹೇಳದೆ, ರೋಗಿಯ ಬದಲು ಗೊಂಬೆ ಇಟ್ಟು ಮಾಕ್ ಡ್ರಿಲ್. ಸ್ಟಾಪ್‌ವಾಚ್ ಹಿಡಿದು ಅಳೆಯೋದು, ಆಮೇಲೆ ತರಬೇತಿ ಕೊಡೋದು, ಮತ್ತೆ ಕೆಲವು ತಿಂಗಳು ಬಿಟ್ಟು ಅಳೆಯೋದು.

ಎಥಿಕ್ಸ್ ಕಮಿಟಿಯಲ್ಲಿ ಸಲೀಸಾಗಿ ಪಾಸ್ ಆಗುತ್ತೆ ಅಂದುಕೊಂಡಿದ್ದೆ. ಗೊಂಬೆ ತಾನೇ, ಯಾರಿಗೇನು ತೊಂದರೆ? ಕಮಿಟಿಯಲ್ಲಿ ಡಾಕ್ಟರ್‌ಗಳಲ್ಲದೆ ಒಬ್ಬರು ವಕೀಲರು, ಒಬ್ಬರು ಸಾಮಾನ್ಯ ನಾಗರಿಕರು ಇರಲೇಬೇಕು. ನಮ್ಮಲ್ಲಿ ಆ ಜಾಗದಲ್ಲಿ ಒಬ್ಬ ನಿವೃತ್ತ ಹೈಸ್ಕೂಲ್ ಮೇಷ್ಟ್ರು ಇದ್ದರು. ಡಾಕ್ಟರ್‌ಗಳೆಲ್ಲ ಸ್ಯಾಂಪಲ್ ಸೈಜ್ ಬಗ್ಗೆ ಕೇಳಿದರು. ಮೇಷ್ಟ್ರು ಕೇಳಿದ್ದು ಎರಡೇ ಪ್ರಶ್ನೆ. "ನೀವು ಗೊಂಬಿ ಮುಂದ ಇದ್ದಾಗ ಖರೇ ಪೇಷೆಂಟ್ ಬಂದ್ರ ಏನ್ ಮಾಡ್ತೀರಿ?" ಮತ್ತೆ, "ಯಾರೋ ಸಿಸ್ಟರ್ ತಪ್ಪು ಮಾಡಿದ್ರ ಅದು ಅವ್ರ ಸರ್ವಿಸ್ ಬುಕ್‌ಗೆ ಹೋಗ್ತದೇನು?" ಎರಡಕ್ಕೂ ನನ್ನ ಪ್ರೋಟೊಕಾಲ್‌ನಲ್ಲಿ ಉತ್ತರ ಇರಲಿಲ್ಲ. ಸೇರಿಸಿದೆ. ಎಮರ್ಜೆನ್ಸಿ ಕೇಸ್ ಬಂತು ಅಂದರೆ ಡ್ರಿಲ್ ಅಲ್ಲೇ ಬಂದ್, ಯಾರ ಹೆಸರೂ ಬರೆಯೋ ಹಾಗಿಲ್ಲ, ಯಾವ ದಿನ ಯಾವ ಶಿಫ್ಟ್ ಅನ್ನೋದೂ ಕೋಡ್‌ನಲ್ಲಿ, ವಿಭಾಗದ ಮುಖ್ಯಸ್ಥರು ಕೇಳಿದರೂ ಕೊಡೋ ಹಾಗಿಲ್ಲ. ಹೆಸರು ಬರೆಯೋ ಹಾಗಿಲ್ಲ ಅನ್ನೋ ಷರತ್ತು ಇಲ್ಲದೇ ಹೋಗಿದ್ದರೆ ಸಿಸ್ಟರ್‌ಗಳು ನನಗೆ ಒಂದು ಮಾತೂ ಹೇಳುತ್ತಿರಲಿಲ್ಲ ಅಂತ ಆಮೇಲೆ ಅರ್ಥವಾಯಿತು.

ಗೊಂಬೆ ಸ್ಕಿಲ್ ಲ್ಯಾಬ್‌ನಲ್ಲಿತ್ತು. ಸೊಂಟದಿಂದ ಮೇಲೆ ಮಾತ್ರ. ಎದೆಯೊಳಗೆ ಸ್ಪ್ರಿಂಗ್, ಸರಿಯಾದ ಆಳಕ್ಕೆ ಒತ್ತಿದರೆ ಟಕ್ ಅಂತ ಸದ್ದು. ಅದನ್ನ ಓಟಿಗೆ ಸಾಗಿಸೋದೇ ದೊಡ್ಡ ಪಜೀತಿ. ಮೊದಲ ಸಲ ಟ್ರಾಲಿ ಮೇಲೆ ಮಲಗಿಸಿ, ಯಾರಿಗೂ ಗೊತ್ತಾಗಬಾರದು ಅಂತ ಮೇಲಿಂದ ಕೆಳಗಿನವರೆಗೂ ಹಸಿರು ಶೀಟ್ ಹೊದಿಸಿ ತಳ್ಳಿಕೊಂಡು ಬಂದ್ವಿ. ಕಾರಿಡಾರ್‌ನಲ್ಲಿ ಕೂತಿದ್ದ ಸಂಬಂಧಿಕರೆಲ್ಲ ಎದ್ದು ನಿಂತರು. ಒಬ್ಬ ಅಜ್ಜಿ ಕೈ ಮುಗಿದರು. ಇನ್ನೊಬ್ಬರು "ಯಾ ವಾರ್ಡಿಂದು ರೀ?" ಅಂತ ಕೇಳುತ್ತಾ ಹಿಂದೆಯೇ ಬಂದರು. ಮುಂದಿನ ಸಲದಿಂದ ಶೀಟ್ ಇಲ್ಲ, ಗೊಂಬೆಯ ಮುಖ ಎಲ್ಲರಿಗೂ ಕಾಣುವ ಹಾಗೆ ತಂದ್ವಿ, ಹೊರಗೆ ಕೂತವರಿಗೆ "ಇವತ್ತು ತರಬೇತಿ ಇದೆ, ಜನ ಓಡಿದರೆ ಹೆದರಬೇಡಿ" ಅಂತ ಹೇಳಿಯೂ ಬಂದ್ವಿ. ಇದರಿಂದ ಗುಟ್ಟು ಉಳಿಯಲಿಲ್ಲ ನಿಜ. ಕ್ಯಾಂಟೀನ್‌ನಲ್ಲಿ ಚಹಾ ಕೊಡುವ ಹುಡುಗನೂ "ಮೇಡಂ, ಇವತ್ತ ಗೊಂಬಿ ಬಂತಂತಲ್ರಿ" ಅನ್ನುತ್ತಿದ್ದ.

ಮೊದಲ ಡ್ರಿಲ್ ಸಿಸೇರಿಯನ್. ಗರ್ಭಿಣಿಗೆ ಸ್ಪೈನಲ್ ಕೊಟ್ಟಾಗಿದೆ, ಮರಗಟ್ಟುವಿಕೆ ಬೇಕಾದ್ದಕ್ಕಿಂತ ಮೇಲೆ ಏರಿದೆ. ಹೀಗಾದಾಗ ಹೃದಯದ ವೇಗ ಹೆಚ್ಚಿಸುವ ನರಗಳೂ ಮರಗಟ್ಟುತ್ತವೆ, ಕಾಲಿನ ರಕ್ತನಾಳಗಳು ಸಡಿಲವಾಗಿ ರಕ್ತ ಅಲ್ಲೇ ನಿಲ್ಲುತ್ತೆ, ಮೇಲಿಂದ ಗರ್ಭಕೋಶದ ಭಾರ ಬೇರೆ ದೊಡ್ಡ ರಕ್ತನಾಳವನ್ನ ಅಮುಕುತ್ತೆ. ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗಿ ಅದು ನಿಧಾನವಾಗುತ್ತೆ, ಕೆಲವೊಮ್ಮೆ ನಿಂತೇ ಹೋಗುತ್ತೆ. ಗೊಂಬೆಯ ಪರವಾಗಿ ಮಾತಾಡೋದು ನನ್ನ ಕೆಲಸ. "ಮೇಡಂ, ಹೊಟ್ಟಿ ತೊಳಸಾಕತ್ತೇತ್ರಿ" ಅಂದೆ. ನಿಜದಲ್ಲೂ ಮೊದಲ ಸೂಚನೆ ಬಹಳ ಸಲ ಇದೇ, ವಾಕರಿಕೆ. ಜೂನಿಯರ್ ಲ್ಯಾಪ್‌ಟಾಪ್‌ನಲ್ಲಿ ಹಾರ್ಟ್ ರೇಟ್ ಇಳಿಸುತ್ತಾ ಬಂದ. 60, 48, 35. ಆಮೇಲೆ ಗೆರೆ.

ಡ್ಯೂಟಿಯಲ್ಲಿದ್ದ ಪಿಜಿ ಮೊದಲು ಮಾಡಿದ್ದು ಇಸಿಜಿ ಲೀಡ್ ಒತ್ತಿ ನೋಡಿದ್ದು. ಆಮೇಲೆ ಬೆರಳಿನ ಪ್ರೋಬ್ ತೆಗೆದು ಮತ್ತೆ ಹಾಕಿದ್ದು. ಆಮೇಲೆ ಬಿಪಿ ಬಟನ್ ಒತ್ತಿ ಕಫ್ ಉಬ್ಬೋದನ್ನ ಕಾಯ್ದದ್ದು. ಕಫ್ ಉಬ್ಬಿ ಇಳಿಯೋಕೆ ಎಷ್ಟು ಹೊತ್ತು ಬೇಕು ಅಂತ ಸ್ಟಾಪ್‌ವಾಚ್ ಕೈಯಲ್ಲಿ ಹಿಡಿದಾಗಲೇ ಗೊತ್ತಾಗೋದು. ಸಿಸ್ಟರ್ ಆಗಲೇ ಹೃದಯದ ವೇಗ ಹೆಚ್ಚಿಸುವ ಅಟ್ರೋಪಿನ್ ಸಿರಿಂಜ್ ಎತ್ತಿ ಹಿಡಿದಿದ್ದರು, ಯಾರೂ ಕೇಳಲಿಲ್ಲ. ಟೇಬಲ್ ಆ ಕಡೆ ಹೆರಿಗೆ ವಿಭಾಗದ ಇಬ್ಬರು ಕೈ ತೊಳೆದು, ಗೌನ್ ಹಾಕಿ, ಕೈ ಎದೆಯ ಹತ್ತಿರ ಜೋಡಿಸಿಕೊಂಡು ನಿಂತಿದ್ದರು. ಸ್ಟೆರೈಲ್ ಕೈ, ಎಲ್ಲೂ ಮುಟ್ಟಬಾರದು. ಗರ್ಭಕೋಶವನ್ನ ಎಡಕ್ಕೆ ತಳ್ಳಿ ಹಿಡಿಯೋಕೆ ಅವರಿಗಿಂತ ಹತ್ತಿರ ಯಾರೂ ಇರಲಿಲ್ಲ. ನಾಲ್ಕು ನಿಮಿಷದಲ್ಲಿ ನಾಡಿ ಬರದಿದ್ದರೆ ಮಗುವನ್ನ ಹೊರತೆಗೆಯೋಕೆ ಶುರು ಮಾಡಬೇಕಾದವರೂ ಅವರೇ, ಅದು ಮಗುವಿಗಿಂತ ಮೊದಲು ತಾಯಿಯನ್ನ ಉಳಿಸೋಕೆ. ಅದು ಇಬ್ಬರಿಗೂ ಗೊತ್ತಿತ್ತು, ಆಮೇಲೆ ಕೇಳಿದಾಗ ಪಟಪಟ ಅಂತ ಹೇಳಿದರು ಕೂಡ. ಆದರೆ "ಅರೆಸ್ಟ್ ಆಗಿದೆ" ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೆ ಅವರು ಹೇಗೆ ಶುರು ಮಾಡ್ತಾರೆ?

ನನ್ನ ಇಡೀ ಥೀಸಿಸ್‌ನಲ್ಲಿ ಹುರುಳಿರುವುದು ಇದೊಂದೇ ವಿಷಯ ಅಂತ ನನಗೆ ಈಗಲೂ ಅನಿಸುತ್ತೆ. ಹೃದಯ ನಿಂತದ್ದು ಕಾಣಿಸಿದ ಮೇಲೆ ಅದನ್ನ ಜೋರಾಗಿ ಹೇಳುವವರೆಗಿನ ಹೊತ್ತು. ಡ್ರಿಲ್ ಮೇಲೆ ಡ್ರಿಲ್ ಅಲ್ಲೇ ಸಮಯ ಸೋರಿಹೋಗುತ್ತಿತ್ತು. ಹೇಳಿದ ಮೇಲೆ ಎಲ್ಲಾ ಚಕಚಕ ನಡೆಯುತ್ತಿತ್ತು. ನಮ್ಮ ಕೆಲಸದಲ್ಲಿ ಮಾನಿಟರ್ ದಿನಕ್ಕೆ ಹತ್ತಾರು ಸಲ ಸುಮ್ಸುಮ್ನೆ ಕೂಗುತ್ತೆ, ಲೀಡ್ ಕಳಚಿರುತ್ತೆ, ಕಾಟರಿ (ರಕ್ತನಾಳ ಸುಡುವ ವಿದ್ಯುತ್ ಸಾಧನ) ಹಾಕಿದಾಗ ಗೆರೆ ಕುಣಿಯುತ್ತೆ. ಹಾಗಾಗಿ ಮೊದಲು ಬರುವ ಯೋಚನೆ ಮಷೀನ್ ಕೆಟ್ಟಿದೆ ಅಂತಲೇ. ನ್ಯಾಪ್ 7 ಇದಕ್ಕೊಂದು ಗಡಿ ಹಾಕಿಕೊಟ್ಟಿದೆ. ಅರಿವಳಿಕೆಯಲ್ಲಿರುವ ದೊಡ್ಡವರಿಗೆ ಮೇಲಿನ ಬಿಪಿ 50ಕ್ಕಿಂತ ಕೆಳಗೆ ಇಳಿದು ಔಷಧಿಗೂ ಏಳದಿದ್ದರೆ ನಾಡಿ ಹುಡುಕುತ್ತಾ ನಿಲ್ಲಬೇಡಿ, ಎದೆ ಒತ್ತೋಕೆ ಶುರು ಮಾಡಿ. ಉಸಿರಾಟಕ್ಕೆ ಟ್ಯೂಬ್ ಹಾಕಿರುವ ರೋಗಿಯಾದರೆ ಇನ್ನೂ ಸುಲಭ. ಕ್ಯಾಪ್ನೋಗ್ರಾಫ್‌ನಲ್ಲಿ ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಗೆರೆ ದಿಢೀರ್ ಕುಸಿಯಿತು ಅಂದರೆ, ಒಂದೋ ಟ್ಯೂಬ್ ಸರ್ಕ್ಯೂಟ್‌ನಲ್ಲಿ ತೊಂದರೆ, ಇಲ್ಲಾ ಶ್ವಾಸಕೋಶಕ್ಕೆ ರಕ್ತ ಹೋಗುತ್ತಿಲ್ಲ. ಎರಡರಲ್ಲಿ ಯಾವುದಾದರೂ ಸುಮ್ಮನೆ ನಿಲ್ಲುವ ಹಾಗಿಲ್ಲ.

ಉಳಿದದ್ದು ಸಾಮಾನುಗಳ ಕಥೆ. ಶಾಕ್ ಕೊಡುವ ಡಿಫಿಬ್ರಿಲೇಟರ್ ಬೀರುವಿನಲ್ಲಿ, ಬೀರುವಿನ ಕೀಲಿ ಇನ್‌ಚಾರ್ಜ್ ಸಿಸ್ಟರ್ ಹತ್ತಿರ, ಸಿಸ್ಟರ್ ಊಟಕ್ಕೆ. ಅವರನ್ನ ಬೈಯೋಕೆ ನನಗೆ ಬಾಯಿ ಬರಲಿಲ್ಲ, ಯಾಕಂದ್ರೆ ಏನಾದರೂ ಕಳೆದುಹೋದರೆ ವಿವರಣೆ ಕೊಡಬೇಕಾದವರು ಅವರೇ. ನಿಜ ಹೇಳಬೇಕು ಅಂದರೆ ಓಟಿಯ ಅರೆಸ್ಟ್‌ಗಳಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಶಾಕ್ ಕೊಡುವಂಥವಲ್ಲ, ರಕ್ತಸ್ರಾವ, ನಿಧಾನವಾಗಿ ನಿಂತ ಹೃದಯ, ಇಂಥವೇ ಹೆಚ್ಚು. ಹಾಗಂತ ಉಳಿದವರು ಕೀಲಿಗೆ ಕಾಯೋಕಾಗುತ್ತಾ? ಬೀಗದ ಬದಲು ನಂಬರ್ ಇರುವ ಪ್ಲಾಸ್ಟಿಕ್ ಸೀಲ್ ಹಾಕಿದ್ವಿ. ಎಳೆದರೆ ಕಿತ್ತು ಬರುತ್ತೆ, ಯಾರಾದರೂ ತೆಗೆದಿದ್ದರೆ ನಂಬರ್‌ನಿಂದ ಗೊತ್ತಾಗುತ್ತೆ. ಬೆಳಿಗ್ಗೆ ಸಿಸ್ಟರ್ ನಂಬರ್ ನೋಡಿ ಸಹಿ ಹಾಕಿದರೆ ಮುಗಿಯಿತು. ಬಹಳ ಅಗ್ಗದ ಸಾಮಾನು, ಆದರೂ ಖರೀದಿಗೆ ಮೂರು ಕೊಟೇಶನ್ ಕೇಳಿದರು, ಅದಿರಲಿ.

ಇನ್ನೊಂದು ಸ್ಟೂಲ್. ಓಟಿ ಟೇಬಲ್ ಸರ್ಜನ್ ಎತ್ತರಕ್ಕೆ ಏರಿಸಿರುತ್ತಾರೆ. ನಮ್ಮ ಸಿಸ್ಟರ್‌ಗಳಲ್ಲಿ ಬಹಳ ಜನ ಐದಡಿ ಆಸುಪಾಸು. ಎದೆಯನ್ನ ಐದರಿಂದ ಆರು ಸೆಂಟಿಮೀಟರ್ ಒತ್ತಬೇಕು ಅಂದರೆ ಭುಜ ನೇರ ಮೇಲಿರಬೇಕು, ಸೊಂಟದಿಂದ ಭಾರ ಬಿಡಬೇಕು. ಕೆಳಗೆ ನಿಂತು ಮೊಣಕೈ ಮಡಚಿ ಒತ್ತಿದರೆ ಗೊಂಬೆ ಟಕ್ ಅನ್ನಲ್ಲ. ಒಬ್ಬ ಸಿಸ್ಟರ್ ಚಪ್ಪಲಿ ಬಿಟ್ಟು ಟೇಬಲ್ ಅಂಚಿಗೆ ಮೊಣಕಾಲೂರಿ ಹತ್ತಿಯೇ ಬಿಟ್ಟರು. ಟಕ್, ಟಕ್, ಟಕ್. ಎಲ್ಲರಿಗಿಂತ ಚೆನ್ನಾಗಿ ಒತ್ತಿದ್ದು ಅವರೇ. ಆಮೇಲೆ ಪ್ರತಿ ಓಟಿಯಲ್ಲೂ ಒಂದು ಮೆಟ್ಟಿಲ ಸ್ಟೂಲ್ ಟೇಬಲ್ ಕೆಳಗೇ ಇರಬೇಕು ಅಂತಾಯಿತು. ಎಣಿಕೆಯಲ್ಲೂ ಒಂದು ತಮಾಷೆ. ನಿಮಿಷಕ್ಕೆ 100ರಿಂದ 120 ಬರಬೇಕು. ಒಂದರಿಂದ ಹತ್ತರವರೆಗೆ ಸರಿಯಾಗೇ ಬರ್ತಿತ್ತು, ಹನ್ನೊಂದು ಹನ್ನೆರಡು ಶುರುವಾದ ಮೇಲೆ ಕೈಯೂ ಬಾಯಿಯ ಜೊತೆ ನಿಧಾನವಾಗುತ್ತಿತ್ತು. ಹತ್ತರವರೆಗೆ ಎಣಿಸಿ ಮತ್ತೆ ಒಂದರಿಂದ ಅಂತ ಮಾಡಿದ ಮೇಲೆ ತಾಳ ಕೂತಿತು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಲೇಬೇಕು, ನನಗೇನೂ ಸುಸ್ತಾಗಿಲ್ಲ ಅಂದವರ ಒತ್ತುವಿಕೆಯೂ ಆ ಹೊತ್ತಿಗೆ ಆಳ ಕಳೆದುಕೊಂಡಿರುತ್ತೆ.

ಡ್ರಿಲ್ ಆದ ಮೇಲೆ ಅಲ್ಲೇ ಸ್ಟೂಲ್ ಎಳೆದುಕೊಂಡು ಎಲ್ಲರೂ ಕೂತು ಮಾತಾಡುತ್ತಿದ್ವಿ. ಮೊದಮೊದಲು ಮಾತಾಡಿದ್ದು ಪಿಜಿಗಳು ಮಾತ್ರ. ಹೆಸರು ಎಲ್ಲೂ ಹೋಗಲ್ಲ ಅಂತ ನಂಬಿಕೆ ಬಂದ ಮೇಲೆ ಒಬ್ಬ ಹಿರಿಯ ಸಿಸ್ಟರ್ ಬಾಯಿಬಿಟ್ಟರು. "ಡಾಕ್ಟ್ರೇ, ಗೆರೆ ನಿಂತದ್ದು ನಾನೇ ಮೊದಲು ನೋಡಿದ್ದು. ನೀವು ಪ್ರೋಬ್ ಸರಿ ಮಾಡ್ತಾ ಇದ್ರಿ. ನಿಮಗೆ ಗೊತ್ತಿರುತ್ತೆ ಬಿಡು ಅಂತ ಸುಮ್ನಾದೆ." ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಕೊಟ್ಟ ಸರ್ಜರಿ ಚೆಕ್‌ಲಿಸ್ಟ್‌ನಲ್ಲಿ 19 ಅಂಶಗಳಿವೆ. ಅದರಲ್ಲಿ ಒಂದು, ಓಟಿಯಲ್ಲಿರುವ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸ ಹೇಳಿಕೊಳ್ಳಬೇಕು. ಎಂಟು ನಗರಗಳಲ್ಲಿ, ನಮ್ಮ ದೆಹಲಿಯೂ ಸೇರಿ, ಈ ಚೆಕ್‌ಲಿಸ್ಟ್ ಪರೀಕ್ಷಿಸಿದಾಗ ಸಾವಿನ ಪ್ರಮಾಣ 1.5 ಶೇಕಡಾದಿಂದ 0.8ಕ್ಕೆ ಇಳಿಯಿತು ಅಂತ 2009ರಲ್ಲಿ ವರದಿಯಾಯಿತು. ನಮ್ಮಲ್ಲೂ ಅದೇ ಹಾಳೆ ಪ್ರತಿ ಕೇಸ್ ಶೀಟ್‌ನಲ್ಲಿದೆ, ಟಿಕ್ ಕೂಡ ಬಿದ್ದಿರುತ್ತೆ. ಹೆಸರು ಹೇಳೋ ಭಾಗವನ್ನ ಮಾತ್ರ "ಎಲ್ಲಾ ಗೊತ್ತಿರೋರೇ ಅಲ್ವಾ" ಅಂತ ಬಿಟ್ಟುಬಿಡ್ತೀವಿ. ಒಂದು ಸಲ ಬೆಳಿಗ್ಗೆ ಬಾಯಿಬಿಟ್ಟು ಹೆಸರು ಹೇಳಿದವರು ಮಧ್ಯಾಹ್ನ ಗೆರೆ ನಿಂತದ್ದನ್ನೂ ಹೇಳ್ತಾರೆ ಅನ್ನೋದು ನನ್ನ ನಂಬಿಕೆ, ಅದನ್ನ ಸಾಬೀತು ಮಾಡುವಷ್ಟು ದೊಡ್ಡ ಅಧ್ಯಯನ ನನ್ನದಲ್ಲ.

ಲೆಕ್ಕ ಮಾಡಿಕೊಡುವವರ ಹತ್ತಿರ ಹೋದಾಗ ಅವರಿಗೆ ಬೇಕಾದ್ದು ಪಿ ವ್ಯಾಲ್ಯೂ, ಅಂದರೆ ಬಂದ ವ್ಯತ್ಯಾಸ ಬರೀ ಆಕಸ್ಮಿಕ ಇರಬಹುದಾ ಅಂತ ಅಂದಾಜಿಸೋ ಸಂಖ್ಯೆ. ತರಬೇತಿ ಆದ ಮೇಲೆ ಟೈಮ್ ಕಡಿಮೆಯಾಗಿದೆ, ಖುಷಿ ಪಡಿ ಅಂದರು. ನನಗೆ ಅಷ್ಟು ಖುಷಿಯಾಗಲಿಲ್ಲ. ಗೊಂಬೆ ಬಂದದ್ದು ಕ್ಯಾಂಟೀನ್ ಹುಡುಗನಿಗೂ ಗೊತ್ತಿದ್ದರೆ, ಸಿಸ್ಟರ್‌ಗಳು ಬೇಗ ಒತ್ತಿದ್ದು ತರಬೇತಿಯಿಂದಲೋ, ಇವತ್ತು ಪರೀಕ್ಷೆ ಇದೆ ಅಂತ ಗೊತ್ತಿದ್ದರಿಂದಲೋ? ಅದನ್ನ ಮಿತಿಗಳ ಅಧ್ಯಾಯದಲ್ಲಿ ಹಾಗೇ ಬರೆದೆ. ವೈವಾದಲ್ಲಿ ಹೊರಗಿನ ಎಕ್ಸಾಮಿನರ್ ಬೇರೆ ಏನನ್ನೂ ಕೇಳದೆ ನೇರ ಆ ಪುಟ ತೆಗೆದು, "ಸುದ್ದಿ ಹೊರಗೆ ಹೋಗದ ಹಾಗೆ ಇನ್ನೊಂದು ಸಲ ಮಾಡೋದಾದರೆ ಹೇಗೆ ಮಾಡ್ತೀಯಾ?" ಅಂದರು. ಗೊಂಬೆಯನ್ನ ಓಟಿಯಲ್ಲೇ ಕಾಯಂ ಇಟ್ಟುಬಿಡ್ತೀನಿ ಸರ್, ದಿನಾ ಕಣ್ಣಿಗೆ ಬಿದ್ದರೆ ಯಾರೂ ಕ್ಯಾರೆ ಅನ್ನಲ್ಲ ಅಂದೆ. ನಕ್ಕರು. ಈಗ ಗೊಂಬೆ ನಿಜಕ್ಕೂ ಓಟಿ ಸ್ಟೋರ್‌ನಲ್ಲೇ ಇದೆ, ಜೂನಿಯರ್ ಒಬ್ಬಳು ಡ್ರಿಲ್ ಮುಂದುವರಿಸಿದ್ದಾಳೆ.

ಒಂದು ವಿಷಯ ಮಾತ್ರ ಬಹಳ ಕಾಲ ಬಗೆಹರಿಯಲಿಲ್ಲ. ಎರಡನೇ ಬಗೆಯ ಡ್ರಿಲ್‌ನಲ್ಲಿ ಕೈಗೆ ಬ್ಲಾಕ್, ಅಂದರೆ ಕೈಯ ನರಗಳನ್ನ ಮರಗಟ್ಟಿಸುವ ಇಂಜೆಕ್ಷನ್, ಕೊಡುವಾಗ ಬುಪಿವಕೇನ್ ರಕ್ತನಾಳಕ್ಕೆ ಹೋಗಿ ಹೃದಯ ನಿಲ್ಲುತ್ತೆ. ಇದಕ್ಕೆ ಮದ್ದು 20 ಶೇಕಡಾ ಲಿಪಿಡ್ ಎಮಲ್ಷನ್. ಹಾಲಿನ ಬಣ್ಣದ ಕೊಬ್ಬಿನ ದ್ರಾವಣ, ಬಾಯಿಂದ ಊಟ ಮಾಡಲಾಗದವರಿಗೆ ರಕ್ತನಾಳದ ಮೂಲಕ ಕೊಡೋದು. ಅದು ಈ ವಿಷವನ್ನೂ ಎಳೆದುಕೊಳ್ಳುತ್ತೆ ಅಂತ 1998ರಲ್ಲಿ ಇಲಿಗಳಲ್ಲಿ ಗೊತ್ತಾಯಿತು, 2006ರಲ್ಲಿ ಮನುಷ್ಯರಲ್ಲಿ ಉಪಯೋಗಿಸಿದ ಮೊದಲ ವರದಿ ಬಂತು. ಕಿಲೋಗೆ ಒಂದೂವರೆ ಮಿಲಿ, ಅಂದರೆ 60 ಕಿಲೋ ಇರುವವರಿಗೆ ಶುರುವಿನಲ್ಲೇ 90 ಮಿಲಿ, ಆಮೇಲೆ ಡ್ರಿಪ್. ಡ್ರಿಲ್‌ನಲ್ಲಿ ಎಲ್ಲರೂ ಲಿಪಿಡ್ ಅಂತ ಸರಿಯಾಗೇ ಹೇಳಿದರು. ಆದರೆ ಬಾಟಲಿ ಇದ್ದದ್ದು ಕೆಳಗಿನ ಫಾರ್ಮಸಿಯಲ್ಲಿ, ಇಂಡೆಂಟ್ (ಬೇಡಿಕೆ ಚೀಟಿ) ಬರೆದು, ಸಹಿ ಮಾಡಿಸಿ ತರಬೇಕು. ಓಟಿಗೇ ಒಂದು ಬಾಟಲಿ ಕೊಡಿ ಅಂದರೆ, ಉಪಯೋಗಿಸದೇ ಡೇಟ್ ಮುಗಿದರೆ ಲೆಕ್ಕ ಯಾರು ಕೊಡ್ತೀರಿ ಅಂತ ಫೈಲ್ ವಾಪಸ್. ಕೊನೆಗೆ ದಾರಿ ತೋರಿಸಿದ್ದು ಐಸಿಯು ಸಿಸ್ಟರ್. ಅವರಲ್ಲಿ ಅದೇ ಲಿಪಿಡ್ ಊಟಕ್ಕೆ ಅಂತ ಖರ್ಚಾಗುತ್ತೆ. ಬಾಟಲಿ ಮೊದಲು ಓಟಿಗೆ ಬರಲಿ, ಡೇಟ್ ಮುಗಿಯೋಕೆ ಕೆಲವು ತಿಂಗಳು ಇರುವಾಗ ಐಸಿಯುಗೆ ಹೋಗಲಿ, ಅಲ್ಲಿಂದ ಹೊಸದು ಇಲ್ಲಿಗೆ ಬರಲಿ ಅಂದರು. ಈಗ ಬ್ಲಾಕ್ ಕೊಡುವ ರೂಮಿನ ಗೋಡೆಗೆ ಡೋಸ್ ಬರೆದ ಹಾಳೆ, ಅದರ ಕೆಳಗಿನ ಶೆಲ್ಫ್‌ನಲ್ಲಿ ಬಾಟಲಿ, ಬಾಟಲಿ ಮೇಲೆ ಐಸಿಯುಗೆ ಕಳಿಸಬೇಕಾದ ತಿಂಗಳು ಕೆಂಪು ಮಾರ್ಕರ್‌ನಲ್ಲಿ.